ಬರ್ತಾವೆ

ಕೋಡಿಬಾಗದ ತಾರಿಯಲ್ಲಿ, ಕಾಳಿ ದಾಟುವಾಗ,
ಬುಧವಂತಿ ಹರಿಕಂತ್ರ ನಾದಿನಿಗೆ ಹೇಳಿದ್ದು ಇಷ್ಟೇ:
'ನಿನ್ನೆ ರಾತ್ರಿ ದೇವಗಡದ ಹತ್ರ ನೀರು ಉರೀತಂತೆ.
ನಾಡಿದ್ದು ಬೆಳಕು ಹರಿಯೋದ್ರೊಳಗೆ ಬೈತಖೋಲಿಗೆ ಬರ್ತಾವೆ.
ಸಾವಿರ ಅಲ್ಲ, ಲಕ್ಷ.
ಉಪ್ಪು ಜೋಡಿಸಿಟ್ಟುಕೊ.'

ಅವಳ ಬುಟ್ಟಿಯ ಗಾಳಿಗೆ ಮೂಗಿಗೆ ಶಲ್ಯ ಹಿಡಿದು
ಅದೇ ತಾರಿಯಲ್ಲಿ ಕೂತಿದ್ದ ಸದಾಶಿವಗಡದ ಪೊಲೀಸ್ ಪಾಟೀಲ.
ಮೂಗು ಮುಚ್ಚಿದವನಿಗೆ ಕಿವಿ ಮಾತ್ರ ತೆರೆದಿತ್ತು.
ಉರೀತು. ಲಕ್ಷ. ಉಪ್ಪು.
ಉಪ್ಪಿನ ಗಲಾಟೆ ತಣ್ಣಗಾಗಿ ಆಗಿನ್ನೂ ಆರು ತಿಂಗಳು;
ಊಟಕ್ಕೆ ಕೂತು ಉಪ್ಪು ಕೇಳಲೂ
ಸರ್ಕಾರಿ ನೌಕರರು ಆಚೀಚೆ ನೋಡುತ್ತಿದ್ದರು.

ಸಂಜೆಗೆ ಕಾಗದ ನನ್ನ ಮೇಜಿಗೆ ಬಂತು.
ನಾನು ತರ್ಜುಮೆ ಕಾರಕೂನ, ತಿಂಗಳಿಗೆ ಇಪ್ಪತ್ತೆರಡು ರೂಪಾಯಿ.
ಜಿಲ್ಲೆ ಕನ್ನಡದಲ್ಲಿ ಗೊಣಗಲಿ, ಕೊಂಕಣಿಯಲ್ಲಿ ಬೈಯಲಿ,
ಸಾಹೇಬರ ಇಂಗ್ಲಿಷಿಗೆ ಇಳಿಸುವುದು ನನ್ನ ಕೆಲಸ.
ಪಾಟೀಲ ಕೇಳಿದ್ದನ್ನು ಕೇಳಿದ ಹಾಗೇ ಬರೆದಿದ್ದ:
ಬರ್ತಾರೆ ಅಲ್ಲ. ಬರ್ತಾವೆ.
ನಾನು ಬರೆದೆ: ದೇ ಆರ್ ಕಮಿಂಗ್.
ಆ ಭಾಷೆಯಲ್ಲಿ ಮೀನು ಬಂದರೂ ಮನುಷ್ಯ ಬಂದರೂ
ಅದೇ 'ದೇ'.

ಒಂದು ಕ್ಷಣ ಲೇಖಣಿ ನಿಂತಿತು ಎಂದು ಈಗ ಹೇಳಬಹುದು.
ನಿಂತಿತ್ತೋ, ಮಸಿ ಮುಗಿದಿತ್ತೋ.

ಗುಡ್ಡದ ಬಂಗಲೆಯಲ್ಲಿ ಸಾಹೇಬರು ಊಟಕ್ಕೆ ಕೂತಿದ್ದರು.
ಓದಿದರು. ಕೆಂಪು ಪೆನ್ಸಿಲು ತರಿಸಿದರು.
ಅವರಣ್ಣ ಚೀನಾದ ಯಾವುದೋ ಬಂದರಿನಲ್ಲಿ ಅಧಿಕಾರಿಯಂತೆ,
ಇಂಥದೇ ಒಂದು ಪಿಸುಮಾತು ಕೇಳಿ ನಕ್ಕನಂತೆ,
ಮೂರನೇ ದಿನ ಸುಂಕದ ಮನೆ ಬೂದಿ.
'ನಮ್ಮ ಮನೆತನದಲ್ಲಿ ಇನ್ನು ಯಾರೂ ನಗುವುದಿಲ್ಲ'
ಎಂದರು ಸಾಹೇಬರು.
ಸೂಪು ಆರುತ್ತಿತ್ತು.

ಆಮೇಲೆ ತಂತಿಗಳು.
ಅಂಕೋಲೆಗೆ: ನಿಮ್ಮಲ್ಲೂ ಬರುತ್ತಾರೆಯೇ?
ಅಂಕೋಲೆ, ತಾನು ನಿದ್ದೆಯಲ್ಲಿಲ್ಲವೆಂದು ತೋರಿಸಲು:
ಬರುವ ಸಂಭವವಿದೆ.
ಕುಮಟೆ ಅದಕ್ಕೂ ಒಂದು ಹೆಜ್ಜೆ ಮುಂದೆ: ಹೊರಟಿದ್ದಾರೆ.
ಹೊನ್ನಾವರ ಬೆಳಗಿನ ಜಾವ: ನಮ್ಮನ್ನು ದಾಟಿ ಹೋದರು.
ಹೀಗೆ ನನ್ನ ಒಂದು ಸರ್ವನಾಮಕ್ಕೆ
ಬೆಳಗಾಗುವಷ್ಟರಲ್ಲಿ ಮೂರು ತಾಲೂಕಿನ ಸಾಕ್ಷಿ.

ಫೌಜದಾರ ಘನಿ ಲಾಠಿ ಎಣಿಸಿದ. ನಲವತ್ತೊಂದು, ಮೂರು ಸೀಳಿದ್ದವು.
ತಾರಿ ಬಂದ್. ಬಜಾರ ಬಂದ್.
ಬಂದರಿನ ಉಪ್ಪಿನ ಗೋದಾಮಿಗೆ ಎರಡು ಬೀಗ, ಅರಗಿನ ಮುದ್ರೆ,
ಮುದ್ರೆ ಕಾಯಲು ಒಬ್ಬ ಪೇದೆ,
ಪೇದೆಯನ್ನು ಕಾಯಲು ಇನ್ನೊಬ್ಬ.
ಗಾಬರಿಯಾಗಬೇಡಿ ಎಂದು ಡಂಗುರ ಹೊಡೆಸಿದರು.
ಅಲ್ಲಿಯವರೆಗೆ ಯಾರಿಗೂ ಗಾಬರಿ ಇರಲಿಲ್ಲ.

ನಾಡಿದ್ದು, ಹೇಳಿದ ಹೊತ್ತಿಗೆ ಸರಿಯಾಗಿ,
ಬಂದವು.
ಕೂರ್ಮಗಡದ ಮಗ್ಗುಲಲ್ಲಿ ನೀರು ಕಪ್ಪಾಗುತ್ತಾ, ಕುದಿಯುತ್ತಾ,
ಬಂಗಡೆ. ಬರೀ ಬಂಗಡೆ.
ರಂಪಣಿಯ ಎರಡೂ ತುದಿಗೆ ಎಂಬತ್ತೆಂಬತ್ತು ಜನ
ಹಗ್ಗಕ್ಕೆ ಜೋತು ಕೂಗಿದ ಕೂಗು ಬಂಗಲೆಯವರೆಗೆ ಕೇಳಿತು.
ದುರ್ಬೀನು ಇಳಿಸಿ ಸಾಹೇಬರು ಗಡಿಯಾರ ನೋಡಿದರು,
ಹೊತ್ತನ್ನು ಬರೆದುಕೊಂಡರು.

ಮರಳ ಮೇಲೆ ಬೆಳ್ಳಿ ಮೊಣಕಾಲುದ್ದ.
ಉಪ್ಪು ಅರಗಿನ ಹಿಂದೆ.
ಬಿಸಿಲು ಯಾರ ಹುಕುಮಿಗೂ ಕಾಯಲಿಲ್ಲ.

ಎರಡನೇ ದಿನ ಮೀನಿನ ಕಣ್ಣು ಬೆಳ್ಳಗಾಯಿತು.
ಮೂರನೇ ದಿನ ಬುಟ್ಟಿ ಹೊತ್ತು ಹೆಂಗಸರು ಕಚೇರಿಯ ಮೆಟ್ಟಿಲು ಹತ್ತಿದರು,
ಇನ್ನೂರು, ಮುನ್ನೂರು, ಹಿಂದೆ ಅವರ ಗಂಡಂದಿರು.
ಘೋಷಣೆ ಇಲ್ಲ, ಬಾವುಟ ಇಲ್ಲ.
ಬುಧವಂತಿ ಬುಟ್ಟಿ ಬೋರಲು ಹಾಕಿದಳು
ಸಾಹೇಬರ ಬೂಟಿನಿಂದ ಒಂದು ಮೊಳ ದೂರಕ್ಕೆ:
'ತಗೊಳ್ಳಿ. ಇದನ್ನೂ ಬೀಗ ಹಾಕಿಡಿ.'

ಸೀಳಿದ ಲಾಠಿಗಳೂ ಆ ದಿನ ಕೆಲಸಕ್ಕೆ ಬಂದವು.

ಮುಂಬಯಿಗೆ ಹೋದ ವರದಿಯಲ್ಲಿ ಸಾಹೇಬರು ಬರೆದರು:
ಸಿಕ್ಕ ಮಾಹಿತಿ ಅಕ್ಷರಶಃ ನಿಜವಾಯಿತು.
ಪಾಟೀಲನಿಗೆ ಬೆಳ್ಳಿ ಕಡಗ.
ನನಗೆ ಮೂರು ರೂಪಾಯಿ ಬಡ್ತಿ.

ಕೋರ್ಟಿನಲ್ಲಿ ಅವಳ ಎಡಗೈ ಬಟ್ಟೆಯ ಜೋಳಿಗೆಯಲ್ಲಿತ್ತು.
ಏನು ಹೇಳುವುದಿದೆ ಎಂದು ಕೇಳಿದರು.
ಅವಳು ಮ್ಯಾಜಿಸ್ಟ್ರೇಟರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.
'ನಾನು ಅಂದದ್ದು ಬರ್ತಾವೆ ಅಂತ.
ಒಡೆಯಾ, ಬರ್ತಾವೆ.'

ಮ್ಯಾಜಿಸ್ಟ್ರೇಟರು ನನ್ನತ್ತ ತಿರುಗಿದರು: ಏನಂತಾಳೆ?
ನಾನು ಎದ್ದು ನಿಂತೆ. ಗಂಟಲು ಸರಿಮಾಡಿಕೊಂಡೆ.
ದೇ ಆರ್ ಕಮಿಂಗ್, ಎಂದೆ.